ಮಳೆ, ಕೆಸರು, ಕಲ್ಲು: ಪ್ಯಾರಿಸ್–ರೂಬೇ ದಾರಿಯಲ್ಲಿ ಒಂದು ಸೈಕಲ್ ಸವಾರಿ

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿದ್ದೀರಿ ಅಂದ್ಕೋತೀನಿ. ಇವತ್ತು ಒಂದು ಕೆಟ್ಟ ರಸ್ತೆಯ ಬಗ್ಗೆ ಮಾತಾಡೋಣ.

ಫ್ರಾನ್ಸ್‌ನ ಉತ್ತರದಲ್ಲಿ, ಬೆಲ್ಜಿಯಂ ಗಡಿಯ ಹತ್ತಿರ ರೂಬೇ ಅಂತ ಒಂದು ಊರಿದೆ. ಗೂಬೆ ಅಲ್ಲ, ರೂಬೇ! ಅಲ್ಲಿನ ಇಬ್ಬರು ಗಿರಣಿ ಮಾಲೀಕರು ಸೇರಿ 1896ರಲ್ಲಿ ಒಂದು ಸೈಕಲ್ ರೇಸ್ ಶುರು ಮಾಡಿದರು. ಅದೇ ಪ್ಯಾರಿಸ್–ರೂಬೇ. ಹೆಸರಿಗೆ ಪ್ಯಾರಿಸ್, ಆದ್ರೆ 1977ರಿಂದ ಹೊರಡೋದು ಕಾಂಪಿಯೇನ್ ಅನ್ನೋ ಊರಿಂದ. ಸುಮಾರು 260 ಕಿ.ಮೀ. ದಾರಿ. ಅದರಲ್ಲಿ 50 ಕಿ.ಮೀ.ಗೂ ಹೆಚ್ಚು ಬರೀ ಕಲ್ಲು ಹಾಸಿದ ಹೊಲದ ದಾರಿ. ಹಿಂದೆ ಎತ್ತು, ಕುದುರೆ ಗಾಡಿಗಳು ಓಡಾಡಲಿ ಅಂತ ಹಾಕಿದ ಕಲ್ಲುಗಳು. ತಲೆ ಸವೆದು ಬನ್ ಥರ ಉಬ್ಬಿಕೊಂಡಿವೆ. ಒಂದೊಂದರ ನಡುವೆ ಸಂದಿ ಬೇರೆ.

ಈ ರೇಸಿಗೆ 'ಉತ್ತರದ ನರಕ' ಅಂತ ಅಡ್ಡಹೆಸರಿದೆ. ಕಲ್ಲಿನಿಂದ ಬಂದಿದ್ದು ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ, ಅಲ್ಲ. ಮೊದಲ ಮಹಾಯುದ್ಧ ಮುಗಿದು 1919ರಲ್ಲಿ ದಾರಿ ನೋಡೋಕೆ ಹೋದವರಿಗೆ ಕಂಡಿದ್ದು ಬಾಂಬ್ ಬಿದ್ದ ಗುಂಡಿಗಳು, ಸುಟ್ಟ ಮರಗಳು. ಆಗ ಹುಟ್ಟಿದ ಹೆಸರು ಅದು.

ನಾನು ರೇಸರ್ ಅಲ್ಲ. ಬೆಲ್ಜಿಯಂನಲ್ಲಿ ಕೆಲಸ ಮಾಡ್ತಾ, ರಜೆ ದಿನ ಸೈಕಲ್ ಹೊಡೆಯೋ ಮೈಸೂರಿನವನು. ಈ ಕಲ್ಲಿನ ದಾರಿಗಳು ಸಾರ್ವಜನಿಕ ರಸ್ತೆಗಳೇ. ರೇಸ್ ಇಲ್ಲದ ದಿನ ಟ್ರ್ಯಾಕ್ಟರ್ ಹೋಗುತ್ತೆ, ನೀವೂ ಹೋಗಬಹುದು, ಟಿಕೆಟ್ ಇಲ್ಲ. ಮಾರ್ಚ್‌ನ ಒಂದು ಶನಿವಾರ ನಾನೂ ಹುಬ್ಬಳ್ಳಿಯ ಗೆಳೆಯನೂ ಲೀಲ್ ನಗರದಿಂದ ಹೊರಟ್ವಿ. ರೇಸಿನ ಕೊನೆಯ ಕೆಲವು ಕಲ್ಲಿನ ತುಂಡುಗಳನ್ನು ದಾಟಿ ರೂಬೇ ಸೇರೋದು ನಮ್ಮ ಪ್ಲ್ಯಾನ್. ಹಿಂದಿನ ರಾತ್ರಿಯಿಂದ ಜಿಟಿಜಿಟಿ ಮಳೆ. ಅಮ್ಮ ಫೋನಲ್ಲಿ, "ಅಲ್ಲ ಕಣೋ, ಗುಂಡಿ ರಸ್ತೇನೇ ಬೇಕಿದ್ರೆ ನಮ್ಮೂರಲ್ಲಿ ಇರ್ಲಿಲ್ವಾ? ಅಷ್ಟು ದೂರ ಹೋಗ್ಬೇಕಿತ್ತಾ?" ಅಂದ್ರು. ಆ ಕ್ಷಣ ನನ್ನ ಹತ್ರ ಉತ್ತರ ಇರಲಿಲ್ಲ.

ಮೊದಲ ಕಲ್ಲು ಸಿಕ್ಕಿದ್ದು ಕಾಂಫಾನಲ್ಲಿ, 1,800 ಮೀಟರ್. ಒಣಗಿದ್ದಾಗ ಸವಾರರು ರಸ್ತೆಯ ಅಂಚಿನ ಮಣ್ಣಿನ ಪಟ್ಟಿ ಹಿಡೀತಾರೆ. ಮಳೆಯಲ್ಲಿ ಅದು ಕೆಸರುಗುಂಡಿ. ನೀರಿನ ಕೆಳಗೆ ಎಷ್ಟು ಆಳ ಇದೆ ಅಂತ ಕಾಣಲ್ಲ. ಹಾಗಾಗಿ ರಸ್ತೆಯ ನಡುಬೆನ್ನಿನ ಮೇಲೇ ಹೋಗಬೇಕು. ಹ್ಯಾಂಡಲ್ ಬಿಗಿ ಹಿಡಿದ್ರೆ ಮೊಣಕೈವರೆಗೂ ಜೋಮು ಹಿಡಿಯುತ್ತೆ. ಸಡಿಲ ಹಿಡಿದು, ಸೈಕಲ್ ತಾನೇ ಕುಣಿಯೋಕೆ ಬಿಡಬೇಕು. ಗೇರ್ ಭಾರ ಇರಲಿ, ಕಾಲು ನಿಲ್ಲಬಾರದು. ಬ್ರೇಕ್ ಏನಿದ್ದರೂ ಕಲ್ಲು ಶುರುವಾಗೋ ಮೊದಲೇ. ನಮ್ಮದು 35 ಎಂ.ಎಂ. ಟೈರು, ಗಾಳಿ 45 ಪಿಎಸ್‌ಐ ಅಷ್ಟೇ. ನೀರಿನ ಬಾಟಲಿ ಹಾರಿಹೋಗದ ಹಾಗೆ ಹಳೇ ಟ್ಯೂಬ್ ಕತ್ತರಿಸಿ ಕಟ್ಟಿದ್ವಿ, ನಮ್ಮಲ್ಲಿ ಕ್ಯಾರಿಯರ್‌ಗೆ ಸಾಮಾನು ಕಟ್ಟೋ ಥರ.

ಆಮೇಲೆ ಬಂದಿದ್ದು ಕಾರ್ಫೂರ್ ದ ಲಾರ್ಬ್. 2,100 ಮೀಟರ್, ಐದಕ್ಕೆ ಐದು ಸ್ಟಾರ್. ಹೋಟೆಲ್ ರೇಟಿಂಗ್ ಅಲ್ಲ ಇದು, ಸ್ಟಾರ್ ಜಾಸ್ತಿ ಆದಷ್ಟೂ ಕಷ್ಟ ಜಾಸ್ತಿ. ಸುತ್ತ ಬಯಲು ಹೊಲ, ಗಾಳಿಗೆ ತಡೆ ಇಲ್ಲ. ಟ್ರ್ಯಾಕ್ಟರ್ ಚಕ್ರದಿಂದ ಬಿದ್ದ ಜೇಡಿಮಣ್ಣು ಕಲ್ಲಿನ ಮೇಲೆ ಸೋಪಿನ ಹಾಗೆ. ತಿರುವಿನಲ್ಲಿ ಗೆಳೆಯನ ಹಿಂದಿನ ಚಕ್ರ ಜಾರಿ, ಆತ ಸೊಂಟದ ಮೇಲೆ ಬಿದ್ದ. ಎದ್ದ, ಮೂಳೆ ಏನೂ ಆಗಿರಲಿಲ್ಲ. ಆದ್ರೆ ಚಳಿಗೆ ಬೆರಳು ಮಡಚೋಕೆ ಆಗ್ತಿಲ್ಲ, ಬ್ರೇಕ್ ಒತ್ತೋಕೂ ಆಗ್ತಿಲ್ಲ. "ಇನ್ನ ಆಗೂದಿಲ್ಲಪಾ, ನಡಕೋತ ಹೋಗೂಣು" ಅಂದ. ನನ್ನ ಕಾಲಲ್ಲಿ ಇನ್ನೂ ಶಕ್ತಿ ಇತ್ತು. ಪೂರ್ತಿ ಹೊಡೆದೆ ಅಂತ ಹೇಳಿಕೊಳ್ಳೋ ಆಸೆಯೂ ಇತ್ತು. ಆದ್ರೆ ಬ್ರೇಕ್ ಹಿಡಿಯಲಾಗದವನನ್ನ ಆ ಮಳೇಲಿ ಒಬ್ಬನೇ ಬಿಟ್ಟು ಹೋಗೋಕಾಗುತ್ತಾ? ಇಳಿದೆ. ಉಳಿದ ಅರ್ಧ ದಾರಿ ಇಬ್ಬರೂ ಸೈಕಲ್ ತಳ್ಕೊಂಡು ನಡೆದ್ವಿ.

ನಡೆಯೋವಾಗಲೇ ನಾನು ರಸ್ತೇನ ಸರಿಯಾಗಿ ನೋಡಿದ್ದು. ಅಲ್ಲಲ್ಲಿ ಹೊಸದಾಗಿ ಕೂರಿಸಿದ ಕಲ್ಲುಗಳು. ಒಂದು ಕಾಲಕ್ಕೆ ಇಂಥ ದಾರಿಗಳಿಗೆಲ್ಲ ಒಂದೊಂದಾಗಿ ಡಾಂಬರು ಬೀಳ್ತಿತ್ತು. ರೇಸಿಗೆ ಕಲ್ಲೇ ಉಳಿಯಲ್ಲ ಅನ್ನೋ ಸ್ಥಿತಿ. 1968ರಲ್ಲಿ ಅರೆನ್‌ಬೆರ್ ಕಾಡಿನ ಕಲ್ಲು ದಾರಿ ರೇಸಿಗೆ ಸೇರಿದ್ದು ಝಾನ್ ಸ್ಟಾಬ್ಲಿನ್‌ಸ್ಕಿ ತೋರಿಸಿಕೊಟ್ಟಿದ್ದರಿಂದ. ಆತ 1962ರ ವಿಶ್ವ ಚಾಂಪಿಯನ್, ಅದಕ್ಕೂ ಮೊದಲು ಅದೇ ಜಾಗದ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಈಗ 'ಪ್ಯಾರಿಸ್–ರೂಬೇ ಗೆಳೆಯರು' ಅನ್ನೋ ಸಂಘದ ಸ್ವಯಂಸೇವಕರು ಕಿತ್ತುಹೋದ ಕಲ್ಲುಗಳನ್ನ ಕೈಯಾರೆ ಮತ್ತೆ ಕೂರಿಸ್ತಾರೆ.

ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ. ನಮ್ಮ ಗುಂಡಿ ರಸ್ತೆ ಯಾರೂ ನೋಡ್ಕೊಳ್ಳದೆ ಹಾಳಾಗಿರೋದು. ಇದು ಜನ ಮಂಡಿಯೂರಿ ಕೂತು ಉಳಿಸಿಕೊಂಡಿರೋ ಒರಟು ರಸ್ತೆ. ಸೈಕಲ್ ಮೇಲೆ ಕೂತಾಗ ಎರಡೂ ಒಂದೇ ಥರ ಎತ್ತಿಹಾಕುತ್ತೆ, ನಿಜ. ಆದ್ರೆ ಒಂದರ ಮೇಲೆ ಸಿಟ್ಟು ಬರುತ್ತೆ, ಇನ್ನೊಂದರ ಮೇಲೆ ಗೌರವ.

ಮಳೆಯಲ್ಲಿ ಈ ದಾರಿ ಏನು ಮಾಡುತ್ತೆ ಅಂತ ನೋಡಬೇಕಿದ್ರೆ 2021ರ ಅಕ್ಟೋಬರ್ ರೇಸಿನ ವಿಡಿಯೋ ಹುಡುಕಿ. 2002ರ ನಂತರ ಮೊದಲ ಸಲ ಒದ್ದೆಯಾದ ರೇಸ್ ಅದು. ಗೆದ್ದ ಸೋನಿ ಕೊಲ್‌ಬ್ರೆಲ್ಲಿಯ ಮುಖ ಪೂರ್ತಿ ಮಣ್ಣು. ಅದರ ಹಿಂದಿನ ದಿನ ಮಹಿಳೆಯರ ಮೊಟ್ಟಮೊದಲ ಪ್ಯಾರಿಸ್–ರೂಬೇ ನಡೀತು. ಲಿಝಿ ಡೈಗ್ನನ್ ಸುಮಾರು 80 ಕಿ.ಮೀ. ಒಬ್ಬರೇ ಮುಂದಿದ್ದು ಗೆದ್ದರು. ಗ್ಲೌಸ್ ಹಾಕಿರಲಿಲ್ಲ, ಹ್ಯಾಂಡಲ್ ಟೇಪಿನ ಮೇಲೆ ರಕ್ತ ಇತ್ತು.

ನಾವು ಗ್ಲೌಸ್ ಹಾಕಿದ್ವಿ, ಆದ್ರೂ ಎರಡು ದಿನ ಬಾಟಲಿ ಮುಚ್ಚಳ ತಿರುಗಿಸೋಕೆ ಆಗಲಿಲ್ಲ. ಗೆಳೆಯನ ಬೆರಳಿಗೆ ಜೀವ ಬಂದ ಮೇಲೆ ಉಳಿದ ಕಲ್ಲುಗಳನ್ನ ಸೈಕಲ್ ಮೇಲೇ ದಾಟಿ, ಸಂಜೆಗೆ ರೂಬೇ ಸೇರಿದ್ವಿ.

ನಿಮ್ಮೂರ ಮಳೇಲೂ ಇದೇ ಪಾಠ: ಕೈ ಸಡಿಲ ಇರಲಿ, ನಿಂತ ನೀರಿಗೆ ಚಕ್ರ ಇಳಿಸಬೇಡಿ, ಬೆರಳು ಕೈಕೊಟ್ಟರೆ ಇಳಿದುಬಿಡಿ. ನೀವು ಓಡಿಸಿದ ಅತಿ ಕೆಟ್ಟ ರಸ್ತೆ ಯಾವುದು? ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.