ಕೂಸಿನ ಸರಿ, ಮನೆಯವರ ಪಂಕ್ತಿ



ಕಾಲೇಜಿನಲ್ಲಿ ಪಾಠ ಹೇಳತಕ್ಕವರು ಕೂಸಿನ ಆಹಾರವನ್ನು ಕುರಿತು ಭಾಷಣಕ್ಕೆ ತೊಡಗಿದರೆ ಅಡಿಗೆಮನೆಯ ಕಡೆಯಿಂದ ಸಣ್ಣ ನಗೆಯೊಂದು ಕೇಳಿಬರುವುದು ಸಹಜವೇ. ಆ ನಗೆಯನ್ನು ತಲೆಬಾಗಿ ಸ್ವೀಕರಿಸಿ ಮುಂದುವರಿಯುತ್ತೇವೆ. ಏಕೆಂದರೆ ವಿದ್ಯಾವಂತರ ಮನೆಗಳಲ್ಲಿ ಅಜ್ಜಿ ಹೇಳಿದ್ದೆಲ್ಲವೂ ಮೌಢ್ಯ, ಡಬ್ಬಿಯ ಮೇಲೆ ಅಚ್ಚಾದದ್ದೆಲ್ಲವೂ ಶಾಸ್ತ್ರ ಎಂಬ ಭಾವನೆಯೊಂದು ಬೇರೂರಿದೆ. ಇವೆರಡರ ನಡುವೆ ಸಿಕ್ಕಿದ ಎಳೆಯ ತಾಯಿಗೆ ತನ್ನ ಕೈಯ ಮೇಲೆಯೇ ನಂಬಿಕೆಯಿಲ್ಲದಂತಾಗುತ್ತದೆ.

ಡಬ್ಬಿಯ ಆಹಾರಕ್ಕೂ ಗೌರವವಾದ ಇತಿಹಾಸವುಂಟು. 1867ರ ಸುಮಾರಿನಲ್ಲಿ ಸ್ವಿಟ್ಸರ್ಲೆಂಡಿನ ವೆವೆ ಎಂಬ ಊರಿನಲ್ಲಿ ಹೆನ್ರಿ ನೆಸ್ಲೆ ಎಂಬಾತನು ಹಾಲು, ಗೋಧಿಯ ಹಿಟ್ಟು, ಸಕ್ಕರೆಗಳಿಂದ ಶಿಶುಗಳಿಗೆಂದು ಪುಡಿಯೊಂದನ್ನು ಸಿದ್ಧಪಡಿಸಿದನು. ಮೊಲೆಹಾಲು ದೊರೆಯದ ಶಿಶುಗಳಿಗೆ ಅಂತಹ ಆಹಾರದಿಂದ ಉಪಕಾರವಾಗಿರಬಹುದು. ಆದರೆ ನಿರುಪಾಯರಿಗೆ ಹುಟ್ಟಿದ ವಸ್ತು ಕಾಲಕ್ರಮದಲ್ಲಿ ಅಂತಸ್ತಿನ ಗುರುತಾಯಿತು. ಬಡವರು ಹಾಲಿನ ಪುಡಿಯನ್ನು ಉಳಿತಾಯಕ್ಕಾಗಿ ಹೆಚ್ಚು ನೀರಿನಲ್ಲಿ, ಅದೂ ಶುದ್ಧವಲ್ಲದ ನೀರಿನಲ್ಲಿ, ಕದಡಿ ಕುಡಿಸಿದುದರಿಂದ ಆದ ಅನಾಹುತ ಸಣ್ಣದಲ್ಲ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ಇದರ ಮಾರಾಟಕ್ಕೆ ನಿಯಮಗಳನ್ನು ಅಂಗೀಕರಿಸಿತು. 1992ರಲ್ಲಿ ನಮ್ಮ ದೇಶವೂ ಕಾನೂನು ಮಾಡಿ ಇದರ ಜಾಹೀರಾತನ್ನು ತಡೆಯಿತು.

ಇನ್ನು ಅಜ್ಜಿಯ ಶಾಸ್ತ್ರ. ಆರನೆಯ ತಿಂಗಳಲ್ಲಿ ಅನ್ನಪ್ರಾಶನವೆಂಬ ಸಂಪ್ರದಾಯಕ್ಕೂ, ಆರು ತಿಂಗಳು ತುಂಬುವವರೆಗೆ ಮೊಲೆಹಾಲು ಮಾತ್ರ ಸಾಕು, ಆ ಬಳಿಕ ಅದರೊಡನೆ ಅನ್ನವೂ ಬೇಕು ಎಂಬ ಇಂದಿನ ವೈದ್ಯರ ಮಾತಿಗೂ ಹೆಚ್ಚು ಅಂತರವಿಲ್ಲ. ಹುಟ್ಟುವಾಗ ಮಗು ತನ್ನ ದೇಹದಲ್ಲಿ ಹೊತ್ತು ತಂದ ಕಬ್ಬಿಣದ ಅಂಶ ಆ ಹೊತ್ತಿಗೆ ಕರಗುತ್ತ ಬಂದಿರುತ್ತದೆ. ಆದರೆ ಹಸುಗೂಸಿನ ನಾಲಗೆಗೆ ಜೇನು ಸವರುವ ಪದ್ಧತಿಯನ್ನು ಮಾತ್ರ ಅಜ್ಜಿಯ ಮೇಲಣ ಪ್ರೀತಿಯಿಂದಲೂ ನಾವು ಸಮರ್ಥಿಸಲಾರೆವು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನು ಹುಟ್ಟಿಸಬಲ್ಲವು. ವರ್ಷ ತುಂಬುವವರೆಗೆ ಜೇನು ಸಲ್ಲದು. ಉಪ್ಪು, ಸಕ್ಕರೆ, ಬೆಲ್ಲಗಳೂ ಅಲ್ಲಿಯವರೆಗೆ ಕಾಯಬಹುದು.

ಈಗ ನಮ್ಮ ನಾಡಿನ ರಾಗಿಯ ಸರಿಗೆ ಬರೋಣ. ರಾಗಿಯನ್ನು ಕಲ್ಲು, ಮಣ್ಣು ಹೋಗುವಂತೆ ನಾಲ್ಕಾರು ಸಲ ತೊಳೆದು, ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಗಂಟುಕಟ್ಟಬೇಕು. ಒಂದೆರಡು ದಿನದಲ್ಲಿ ಬಿಳಿಯ ಮೊಳಕೆ ಇಣುಕುತ್ತದೆ. ಅದನ್ನು ಚೆನ್ನಾಗಿ ಒಣಗಿಸಿ, ಹದವಾಗಿ ಬೆಚ್ಚಗಾಗುವಷ್ಟೇ ಹುರಿದು, ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸಿದರೆ ಹೊಟ್ಟು ಮೇಲೆ ನಿಂತು ನುಣ್ಣನೆಯ ಹಿಟ್ಟು ಕೆಳಗಿಳಿಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವುಂಟು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿನ ಆಸುಪಾಸು.

ಮೊಳಕೆ ಕಟ್ಟುವ ಈ ಶ್ರಮವೇಕೆ ಎಂದು ಕೇಳುವವರುಂಟು. ಇದರಲ್ಲಿಯೇ ಸ್ವಾರಸ್ಯವಿರುವುದು. ಸಾಮಾನ್ಯವಾದ ರಾಗಿ ಹಿಟ್ಟನ್ನು ಬೇಯಿಸಿದರೆ ಅದು ನೀರನ್ನು ಕುಡಿದು ಅಂಟಿನಂತೆ ಗಟ್ಟಿಯಾಗುತ್ತದೆ. ಮಗು ನುಂಗಲಾರದು. ತಾಯಿ ನೀರು ಬೆರೆಸುತ್ತಾಳೆ. ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಉಂಡಿತೆಂದು ಮನೆಯವರಿಗೆ ಸಮಾಧಾನ, ಮಗುವಿಗೆ ಮಾತ್ರ ಪುಷ್ಟಿಯಿಲ್ಲ. ಮೊಳೆತ ಕಾಳಿನಲ್ಲಾದರೋ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಹುಟ್ಟಿರುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಮೆಲ್ಲಗೆ ಕಾಯಿಸಿದರೆ, ಕುದಿ ಬರುವುದಕ್ಕೆ ಮುಂಚೆ ಅದು ತನ್ನ ಕೆಲಸ ಮಾಡಿ ಸರಿಯನ್ನು ಸಡಿಲಗೊಳಿಸುತ್ತದೆ. ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಕೆಂಪಗೆ ಘಮಘಮಿಸುವಂತೆ ಹುರಿದುಬಿಟ್ಟರೆ ಕಿಣ್ವ ಬಾಣಲೆಯಲ್ಲಿಯೇ ಸಾಯುತ್ತದೆ. ಕಬ್ಬಿಣ ಮೊದಲಾದವನ್ನು ದೇಹಕ್ಕೆ ದಕ್ಕದಂತೆ ಹಿಡಿದಿಡುವ ಪದಾರ್ಥವೂ ಮೊಳಕೆಯಿಂದ ಕಡಿಮೆಯಾಗುತ್ತದೆ.

ಸರಿಯೊಂದರಿಂದಲೇ ಎಲ್ಲವೂ ಆಗದು. ಅಕ್ಕಿಯಲ್ಲಿ ಕೊರತೆಯಾದ ಸಸಾರಜನಕದ ಭಾಗವನ್ನು ಬೇಳೆ ತುಂಬುತ್ತದೆ, ಬೇಳೆಯ ಕೊರತೆಯನ್ನು ಅಕ್ಕಿ ತುಂಬುತ್ತದೆ. ಆದುದರಿಂದ ಮೂರು ಪಾಲು ಅಕ್ಕಿಗೆ ಒಂದು ಪಾಲು ಹೆಸರುಬೇಳೆಯನ್ನು ಹಾಕಿ ಮೆತ್ತಗೆ ಬೇಯಿಸಿ, ಚಮಚ ತುಪ್ಪ ಬೆರೆಸಿ, ಕೈಯಿಂದ ಕಿವುಚಿ ಕೊಡುವುದು ಉತ್ತಮ. ಜೊತೆಗೆ ಬೆಂದ ಸೊಪ್ಪೋ ಕುಂಬಳವೋ ಇರಲಿ. ಮೊಟ್ಟೆ, ಮೀನು ತಿನ್ನುವ ಮನೆಗಳಲ್ಲಿ ಅವೂ ಇರಲಿ. ಇಡಿಯ ಕಡಲೆಕಾಯಿ ಬೀಜ, ದ್ರಾಕ್ಷಿಗಳು ಗಂಟಲಿಗೆ ಸಿಕ್ಕಿಕೊಳ್ಳಬಲ್ಲವಾದ್ದರಿಂದ ಅವನ್ನು ದೂರವಿಡತಕ್ಕದ್ದು.

ಕೂಸಿಗೆಂದು ಬೇರೆ ಒಲೆ ಹೂಡಬೇಕಾಗಿಲ್ಲ. ಮನೆಯ ಅನ್ನ ಬೇಳೆ ಬೆಂದೊಡನೆ, ಉಪ್ಪು ಖಾರ ಬೀಳುವ ಮೊದಲು, ಒಂದು ಸೌಟು ತೆಗೆದಿಟ್ಟರಾಯಿತು. ಅನಂತರ ಮಗುವನ್ನು ಪಂಕ್ತಿಯಲ್ಲಿಯೇ ಕೂರಿಸಿಕೊಳ್ಳಬೇಕು. ಅಣ್ಣನ ತಟ್ಟೆ, ಅಜ್ಜನ ಕೈತುತ್ತು ಇವನ್ನು ನೋಡಿಯೇ ಅದು ಉಣ್ಣಲು ಕಲಿಯುವುದು. ಹೊಸ ರುಚಿಯನ್ನು ಮೊದಲ ದಿನ ಉಗುಳಿದರೆ ಮಗುವಿಗೆ ಅದು ಒಗ್ಗದೆಂದು ತೀರ್ಪು ಕೊಡಬಾರದು. ಎಂಟು ಹತ್ತು ಸಲ ಮುಂದಿಟ್ಟ ಬಳಿಕ ಒಪ್ಪುವ ಮಕ್ಕಳೇ ಬಹಳ. ಮೂಗು ಹಿಡಿದು ಸುರಿಯುವುದಂತೂ ಉಣಿಸುವುದಲ್ಲ, ಯುದ್ಧ. ಮುಖ ತಿರುಗಿಸಿದರೆ ಆ ಹೊತ್ತಿಗೆ ಸಾಕೆಂದು ಅರ್ಥ.

ಕಛೇರಿಗೆ ಹೋಗುವ ತಾಯಿಗೆ ಇದಕ್ಕೆಲ್ಲ ವೇಳೆಯೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳಬೇಕಾದವಳು ಅವಳಲ್ಲ. ರಾಗಿ ತೊಳೆಯುವುದು, ಗಂಟು ಕಟ್ಟುವುದು, ಹಿಟ್ಟು ಸೋಸುವುದು, ಇವಾವುವಕ್ಕೂ ಗಂಡಸಿನ ಕೈ ಅಡ್ಡಿಯಲ್ಲ. ಭಾನುವಾರದ ಒಂದು ಗಂಟೆ ಪತ್ರಿಕೆ ಓದುವುದರಲ್ಲಿ ಕಡಿಮೆಯಾದರೆ ಲೋಕವೇನೂ ಮುಳುಗದು. ತೇವ ತಾಗದ ಡಬ್ಬಿಯಲ್ಲಿಟ್ಟ ಹಿಟ್ಟು ಕೆಲವು ವಾರ ಕೆಡದು. ಬೇಯಿಸಿದ ಸರಿಯನ್ನು ಮಾತ್ರ ಆಗಿಂದಾಗ ಮಾಡಿ ಉಣಿಸಬೇಕು. ಹಿಟ್ಟು ಹೆಚ್ಚಾಗಿದ್ದರೆ ಹಾಲು, ಬೆಲ್ಲ, ಒಂದು ಏಲಕ್ಕಿ ಹಾಕಿ ಕಾಯಿಸಿದರೆ ದೊಡ್ಡವರಿಗೆ ಸಂಜೆಯ ಕಾಫಿಗೆ ಬದಲಾಗಿ ಒಂದೊಂದು ಲೋಟ ಆಗುತ್ತದೆ. ಅಜ್ಜಿಯ ಲೋಟಕ್ಕೆ ಬೆಲ್ಲ ಕೊಂಚ ಮುಂದಾಗಿರಲಿ.