ಅಂಗೈಯಲ್ಲಿ ಅಂಬಾರಿ

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಯಾವ ಕರಕುಶಲ ಅಂಗಡಿಗೆ ಹೊಕ್ಕರೂ ಮೊದಲು ಕಣ್ಣಿಗೆ ಬೀಳುವುದು ಆನೆ. ಗಂಧದ ಆನೆ, ಬೀಟೆಯ ಆನೆ, ಅಚ್ಚಿನಲ್ಲಿ ಎರಕ ಹೊಯ್ದ ಆನೆ, ಫ್ರಿಜ್ಜಿನ ಬಾಗಿಲಿಗೆ ಅಂಟುವ ಆನೆ. ಬೆನ್ನ ಮೇಲೆ ಅಂಬಾರಿ, ಕೊರಳಲ್ಲಿ ಗಂಟೆ, ಎಲ್ಲವೂ ಇದೆ. ಈ ಆನೆಯ ಹೆಸರೇನು ಎಂದು ಕೇಳಿ ನೋಡಿ, ಉತ್ತರ ಸಿಗುವುದಿಲ್ಲ. ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಂದು ಮನೆಮಕ್ಕಳ ಹಾಗೆ ಹೆಸರು ಹಿಡಿದು ಆನೆಗಳ ಸುದ್ದಿ ಮಾತಾಡುವ ಊರು ಇದು. ಈ ಊರು ಪ್ರವಾಸಿಗರ ಕೈಗೆ ಕೊಟ್ಟು ಕಳಿಸುವ ಆನೆಗೆ ಮಾತ್ರ ಹೆಸರಿಲ್ಲ. ಆ ಹೆಸರು ಎಲ್ಲಿ ಕಳೆಯಿತು ಎಂದು ಹುಡುಕುತ್ತ ಹೊರಟರೆ ದಾರಿ ಹಂಪಿಯವರೆಗೂ ಎಳೆದುಕೊಂಡು ಹೋಗುತ್ತದೆ.

ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯನ್ನು ಹೊರಗಿನಿಂದ ಸುತ್ತಿದವರಿಗೆ ಗೊತ್ತು: ಅಲ್ಲಿ ಒಂದು ಮೆರವಣಿಗೆ ಇಂದಿಗೂ ನಡೆಯುತ್ತಲೇ ಇದೆ. ಆನೆಗಳ ಸಾಲು, ಕುದುರೆಗಳ ಸಾಲು, ಕಾಲಾಳುಗಳು, ನರ್ತಕಿಯರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಮಹಾನವಮಿಯ ವೈಭವವನ್ನು ಬರೆದಿಟ್ಟ. ಶಿಲ್ಪಿಗಳು ಅಂಥದೇ ವೈಭವವನ್ನು ಕಲ್ಲಿಗೆ ಇಳಿಸಿಟ್ಟಿದ್ದರು. ಮೆರವಣಿಗೆ ಕೆಲವು ಗಂಟೆಗಳಲ್ಲಿ ಕಣ್ಣ ಮುಂದೆ ಹಾದುಹೋಗಿಬಿಡುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ಆಸೆ ನಮ್ಮ ನಾಡಿನಲ್ಲಿ ಅಷ್ಟು ಹಳೆಯದು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ಕಾಲಾಂತರದಲ್ಲಿ ಅದು ಮೈಸೂರಿಗೆ ಬಂತು. 1880ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ದಸರೆಯ ಜೊತೆ ವಸ್ತುಪ್ರದರ್ಶನವೂ ಸೇರಿಕೊಂಡಿತು. 1897ರಲ್ಲಿ, ರಾಜಕುಮಾರಿಯ ಮದುವೆಯ ಸಂಭ್ರಮದ ನಡುವೆಯೇ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಎದ್ದು ನಿಂತಿತು.

ಇಲ್ಲಿಂದ ಸ್ವಲ್ಪ ನಿಧಾನವಾಗಬೇಕು, ಏಕೆಂದರೆ ಈ ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ ಮೈಸೂರಿನ ಅತ್ಯುತ್ತಮ ನೆನಪಿನ ಕಾಣಿಕೆ ಇದೆ. ಮಾರಾಟಕ್ಕಲ್ಲ, ನೋಟಕ್ಕೆ. ಪ್ರವಾಸಿಗರು ಸಾಮಾನ್ಯವಾಗಿ ತಲೆಯೆತ್ತಿ ಚಾವಣಿಯ ಬಣ್ಣದ ಗಾಜಿನ ನವಿಲುಗಳನ್ನು ನೋಡುತ್ತ ನಡೆದುಬಿಡುತ್ತಾರೆ. ಕಣ್ಣನ್ನು ಗೋಡೆಗೆ ಇಳಿಸಿದರೆ 26 ದೊಡ್ಡ ಚಿತ್ರಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಜಂಬೂಸವಾರಿ ಮಂಟಪವನ್ನು ಸುತ್ತುತ್ತದೆ. ಬರೆದವರು ವೈ. ಸುಬ್ರಹ್ಮಣ್ಯರಾಜು ಮತ್ತಿತರ ಅರಮನೆ ಕಲಾವಿದರು. ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, 1930ರ ದಶಕದಿಂದ ವರ್ಷಗಟ್ಟಲೆ ಕೂತು ಮಾಡಿದ ಕೆಲಸ.

ಅವರು ‘ಒಂದು ಆನೆ’ಯನ್ನು ಬರೆಯಲಿಲ್ಲ, ‘ಒಬ್ಬ ಸೈನಿಕ’ನನ್ನು ಬರೆಯಲಿಲ್ಲ. ಮುಖಗಳೆಲ್ಲ ಅಂದು ಬದುಕಿದ್ದವರ ಮುಖಗಳು. ಪೇಟದ ಸುತ್ತು, ಕುದುರೆಯ ಜೀನು, ಬ್ಯಾಂಡಿನವರ ಸಮವಸ್ತ್ರ, ಬೀದಿಯ ಬದಿಯ ಕಟ್ಟಡ, ಅದರ ಮೇಲೆ ನಿಂತು ಇಣುಕುವ ಜನ, ಯಾವುದನ್ನೂ ಹೇಗೋ ಒಂದು ತೀಡಿ ಬಿಟ್ಟಿಲ್ಲ. ಆ ಮೆರವಣಿಗೆ ನಿಂತುಹೋದ ಮೇಲೂ ಅದನ್ನು ಗುರುತು ಹಿಡಿಯಲು ಆಗುವುದು ಇದರಿಂದಲೇ. ನೆನಪಿನ ಸರಕನ್ನು ವಿನ್ಯಾಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕಿಲ್ಲ.

ಈ ಗೋಡೆಯ ದೃಶ್ಯವನ್ನು ಚೀಲದೊಳಗೆ ಹಿಡಿಸುವಷ್ಟಕ್ಕೆ ತಂದವರು ಇನ್‌ಲೇ ಕೆಲಸಗಾರರು. ಮಂಡಿ ಮೊಹಲ್ಲಾ ಮತ್ತು ಸುತ್ತಲಿನ ಬೀದಿಗಳಲ್ಲಿ ತಲೆಮಾರುಗಳಿಂದ, ಹೆಚ್ಚಾಗಿ ಮುಸ್ಲಿಂ ಕುಟುಂಬಗಳು ನಡೆಸಿಕೊಂಡು ಬಂದ ಕಸುಬು ಅದು. ಬೀಟೆಯ ಹಲಗೆಯ ಮೇಲೆ ಚಿತ್ರದ ಗೆರೆ ಬೀಳುತ್ತದೆ. ಗೆರೆಯೊಳಗಿನ ಮರವನ್ನು ತೆಳ್ಳಗೆ ಕೊರೆದು ತೆಗೆಯುತ್ತಾರೆ. ಅದೇ ಆಕಾರಕ್ಕೆ ಬೇರೆ ಮರದ ತುಣುಕುಗಳನ್ನು ಸಣ್ಣ ಗರಗಸದಲ್ಲಿ ಕತ್ತರಿಸಿ, ಅಂಟು ಹಚ್ಚಿ, ಕೂದಲೆಳೆಯಷ್ಟೂ ಸಂದು ಬಿಡದಂತೆ ಕೂರಿಸುತ್ತಾರೆ. ಹಲಸು ಹಳದಿ ಕೊಡುತ್ತದೆ, ಎಬೊನಿ ಕಪ್ಪು ಕೊಡುತ್ತದೆ. ಒಳ್ಳೆಯ ಕೆಲಸದಲ್ಲಿ ಬಣ್ಣ ಬಳಿಯುವುದೇ ಇಲ್ಲ, ಬಣ್ಣವೆಲ್ಲ ಮರದ್ದೇ. ಆಮೇಲೆ ಉಜ್ಜಿ, ಕಣ್ಣು, ಮಡಿಕೆ, ನೆರಿಗೆಗಳ ಗೆರೆ ಕೊರೆದು, ಮೇಣದ ಪಾಲಿಶ್. ‘ಮೈಸೂರು ಬೀಟೆ ಇನ್‌ಲೇ’ಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅದೇ ಮಾನ್ಯತೆ ಮೈಸೂರು ರೇಷ್ಮೆಗಿದೆ, ಗಂಜೀಫಾ ಆಟದ ಎಲೆಗಳಿಗಿದೆ.

ಒಂದು ಕಾಲಕ್ಕೆ ಬಿಳಿಯ ಜಾಗವೆಲ್ಲ ದಂತವೇ. ಆನೆಯ ಕೋರೆಯನ್ನು ಆನೆಯ ಕೋರೆಯಿಂದಲೇ ಕೂರಿಸುತ್ತಿದ್ದ ದಿನಗಳವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ನಿಲ್ಲಿಸಿದವು. ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಕಾಡಿನಲ್ಲಿ ದಂತಕ್ಕಾಗಿ ಬಿದ್ದ ಆನೆಗಳ ಲೆಕ್ಕ ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದಂತದ ಜಾಗಕ್ಕೆ ಬಿಳಿ ಪ್ಲಾಸ್ಟಿಕ್ ಬಂತು. 2017ರಲ್ಲಿ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದ ಪಟ್ಟಿಗೆ ಸೇರಿದ ಮೇಲೆ ಹೊರದೇಶಕ್ಕೆ ಕಳಿಸುವುದೂ ಕಾಗದಪತ್ರದ ಕೆಲಸವಾಯಿತು. ತುಣುಕು ಕೂರಿಸುವ ಕೈಗಳು ಕಡಿಮೆಯಾಗುತ್ತ ಬಂದವು. ಅಚ್ಚು ಹೊಯ್ಯುವ ಯಂತ್ರ ಆ ಜಾಗಕ್ಕೆ ಬಂದು ಕೂತಿತು. ವಿವರ ಸೋರಿಹೋಗಲು ಶುರುವಾದದ್ದು ಇಲ್ಲಿಂದ.

ಹಳೆಯ ಮಾದರಿಯ ಇನ್‌ಲೇ ಚಿತ್ರ ಯಾರ ಮನೆಯಲ್ಲಾದರೂ ಸಿಕ್ಕರೆ ಅಂಬಾರಿಯೊಳಗೆ ಯಾರಿದ್ದಾರೆ ಎಂದು ನೋಡಬೇಕು. ಮಹಾರಾಜರಿದ್ದರೆ ಆ ಚಿತ್ರದ ಮೂಲ ರಾಜರ ಕಾಲದ್ದು. 1971ರಲ್ಲಿ ರಾಜಧನ ರದ್ದಾಯಿತು. ಆ ಬದಲಾವಣೆಯ ನಂತರ 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ತಾಯಿ ಚಾಮುಂಡೇಶ್ವರಿ ಕೂತು ಬರುತ್ತಿದ್ದಾಳೆ. ಇತಿಹಾಸದ ಇಷ್ಟು ದೊಡ್ಡ ತಿರುವು ಹೆಬ್ಬೆರಳಿನಷ್ಟು ಮರದ ತುಣುಕಿನಲ್ಲಿ ಅಡಗಿ ಕೂತಿರುತ್ತದೆ! ಇಂದಿನ ಅಚ್ಚಿನ ಆನೆಯ ಅಂಬಾರಿಯಲ್ಲಿ ಇಣುಕಿ ನೋಡಿದರೆ ಅನೇಕ ಸಲ ಯಾರೂ ಇರುವುದಿಲ್ಲ. ಖಾಲಿ.

ಮೈಸೂರಿನ ಮನೆಗಳು ಮಾತ್ರ ಈ ಕೆಲಸವನ್ನು ಅಂಗಡಿಗಳಿಗಿಂತ ಚೆನ್ನಾಗಿ ಮಾಡಿಕೊಂಡು ಬಂದಿವೆ. ನವರಾತ್ರಿಯ ಬೊಂಬೆ ಹಬ್ಬವನ್ನೇ ನೋಡಿ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು, ರಾಜ ಮತ್ತು ರಾಣಿ. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ತವರಿನವರು ಕೊಟ್ಟು ಕಳಿಸುವ ಮರದ ಜೋಡಿ. ಕೆಳಗೆ ನೆಲದ ಮೇಲೆ ಮಕ್ಕಳ ರಾಜ್ಯ: ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಹುಲ್ಲುಹಾಸು, ಕನ್ನಡಿಯ ತುಂಡಿಟ್ಟು ಕೊಳ, ಮಣ್ಣು ಗುಡ್ಡೆ ಹಾಕಿ ಚಾಮುಂಡಿಬೆಟ್ಟ, ಅದಕ್ಕೊಂದು ನಂದಿ. ಒಂದು ಮೂಲೆಯಲ್ಲಿ 1892ರಲ್ಲಿ ಹುಟ್ಟಿದ ಮೃಗಾಲಯ, ಇನ್ನೊಂದು ಮೂಲೆಯಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಕನಸಾಗಿದ್ದ ಬೃಂದಾವನ. ಊರಿನ ಆಕರ್ಷಣೆಗಳೆಲ್ಲ ಹಜಾರದ ನೆಲಕ್ಕೆ ಇಳಿದು ಬರುತ್ತವೆ. ಅವುಗಳ ನಡುವೆ ಜಂಬೂಸವಾರಿಯ ಸಾಲು ಹೊರಡುತ್ತದೆ. ಆಕಾಶವಾಣಿಯ ವೀಕ್ಷಕ ವಿವರಣೆ ಕೇಳುತ್ತ ಈ ಸಾಲಿನ ಬೊಂಬೆಗಳನ್ನು ಮುಂದಕ್ಕೆ ಸರಿಸಿದ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಪ್ರತಿವರ್ಷ ಒಂದಾದರೂ ಹೊಸ ಬೊಂಬೆ ಸೇರಬೇಕೆಂಬುದು ಹಬ್ಬದ ಪದ್ಧತಿ. ಆ ಒಂದು ಬೊಂಬೆಯಲ್ಲಿ ಆ ವರ್ಷದ ನೆನಪು ಉಳಿದುಕೊಳ್ಳುತ್ತದೆ. ನಜರ್‌ಬಾದಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ‘ಬೊಂಬೆ ಮನೆ’ಯಲ್ಲಿ ದಸರೆಗೆ ಮುಂಚೆ ಸೇರುವ ಜನರನ್ನು ನೋಡಿದರೆ ಈ ಆಸೆ ಎಳ್ಳಷ್ಟೂ ಬತ್ತಿಲ್ಲವೆಂದು ತಿಳಿಯುತ್ತದೆ.

ಮತ್ತೆ ಆನೆಯ ಹೆಸರಿಗೆ ಬರಬೇಕು, ದ್ರೋಣನ ವಿಷಯಕ್ಕೆ. ಅವನು 18 ಸಲ ಚಿನ್ನದ ಅಂಬಾರಿ ಹೊತ್ತವನು. ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯಲ್ಲಿ ದೇಶವೇ ಅವನನ್ನು ಕಂಡಿತು. 1998ರಲ್ಲಿ ನಾಗರಹೊಳೆ ಕಾಡಿನಲ್ಲಿ ಮೇಯುತ್ತಿದ್ದಾಗ ವಿದ್ಯುತ್ ತಂತಿ ತಗುಲಿ ಸತ್ತ. ಅವನ ನಂತರದ ಬಲರಾಮ ಸೌಮ್ಯ ಸ್ವಭಾವದವನು, ಗದ್ದಲ ಅಷ್ಟಾಗಿ ಹಿಡಿಸದವನು. ಆದರೂ ಆ ಭಾರವನ್ನು ವರ್ಷವರ್ಷ ಹೊತ್ತ. 2012ರಿಂದ 2019ರವರೆಗೆ ಅರ್ಜುನ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆದಾಗ, ಸಲಗವೊಂದರ ಜೊತೆ ಕಾದಾಡಿ ಅವನು ಬಿದ್ದ. ಅಂದು ನಾಡಿಗೆ ನಾಡೇ ಮನೆಯವರನ್ನು ಕಳೆದುಕೊಂಡಂತೆ ಅತ್ತಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಲರಾಮನೂ ಹೋಗಿದ್ದ.

ಇಷ್ಟು ಪ್ರೀತಿ ತುಂಬಿದ ಊರಿನಲ್ಲಿ ಬಲರಾಮನ ಕೋರೆಯ ಬಾಗು, ಅರ್ಜುನನ ಎದೆಯ ಅಗಲ ಗೊತ್ತಾಗುವಂತೆ ಮಾಡಿದ ಬೊಂಬೆ ಅಂಗಡಿಯ ಮುಂಚೂಣಿಯಲ್ಲಿ ಇರಬೇಡವೇ? ದಸರೆಗೆ ಮುಂಚಿನ ಎರಡು ತಿಂಗಳಲ್ಲೇ ಎಷ್ಟು ದೃಶ್ಯಗಳಿವೆ! ವೀರನಹೊಸಹಳ್ಳಿಯಿಂದ ಹೊರಡುವ ಗಜಪಯಣ. ಅರಮನೆಯ ಅಂಗಳದಲ್ಲಿ ಬಿಡಾರ ಹೂಡುವ ಮಾವುತರು, ಕಾವಾಡಿಗಳು, ಅವರ ಮಕ್ಕಳಿಗೆಂದು ಅಲ್ಲೇ ತೆರೆಯುವ ತಾತ್ಕಾಲಿಕ ಶಾಲೆ. ಮರಳು ಮೂಟೆ ಹೊರಿಸಿ, ಆಮೇಲೆ ಮರದ ಅಂಬಾರಿ ಕಟ್ಟಿ ನಡೆಸುವ ತಾಲೀಮು. ಆನೆಗಳನ್ನು ತೂಕದ ಸೇತುವೆ ಹತ್ತಿಸಿ ಯಾರು ಎಷ್ಟು ತೂಗಿದರೆಂದು ಪತ್ರಿಕೆಗಳು ಬರೆಯುತ್ತವೆ, ಜನ ಓದಿ ಚರ್ಚೆ ಮಾಡುತ್ತಾರೆ. ಆನೆಯ ಚಿತ್ರ, ಹೆಸರು, ಆ ವರ್ಷದ ತೂಕ ಅಚ್ಚಾದ ಒಂದು ಚೀಟಿ ಸಿಕ್ಕರೂ ಮಕ್ಕಳು ವರ್ಷವರ್ಷ ಕೂಡಿಟ್ಟುಕೊಂಡಾರು. ಅದಕ್ಕೆ ತಗಲುವ ಖರ್ಚು ಕಾಗದ, ಮಸಿ ಅಷ್ಟೇ.

ಈ ದಾರಿಯಲ್ಲಿ ಹೊರಗಿನವರು ಬಹಳ ಮುಂದೆ ಹೋಗಿದ್ದಾರೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈನಲ್ಲಿ, ನಮ್ಮ ದಸರಾ ವಸ್ತುಪ್ರದರ್ಶನ ಶುರುವಾಗಿ 75 ವರ್ಷಗಳ ಮೇಲೆ. 1972ರಲ್ಲಿ ಅಲ್ಲಿ ದೀಪಾಲಂಕೃತ ರಥಗಳ ರಾತ್ರಿ ಮೆರವಣಿಗೆಯೊಂದು ಆರಂಭವಾಯಿತು, ‘ಮೇನ್ ಸ್ಟ್ರೀಟ್ ಎಲೆಕ್ಟ್ರಿಕಲ್ ಪೆರೇಡ್’ ಎಂದು. 1996ರಲ್ಲಿ ಅದನ್ನು ನಿಲ್ಲಿಸಿದಾಗ ಆ ರಥಗಳ ಬಲ್ಬುಗಳನ್ನೇ ಪೆಟ್ಟಿಗೆಯಲ್ಲಿಟ್ಟು ಅಭಿಮಾನಿಗಳಿಗೆ ಮಾರಿದರು. ಒಂದು ಸಾಧಾರಣ ಬಲ್ಬು! ಅದನ್ನು ಕೊಂಡವರಿಗೆ ಅದು ಬೆಳಕು ಕೊಡಬೇಕಿರಲಿಲ್ಲ, ಆ ರಾತ್ರಿಗಳಲ್ಲಿ ಅದು ಅಲ್ಲಿ ಉರಿದಿತ್ತು ಎಂಬುದಷ್ಟೇ ಸಾಕಿತ್ತು.

ಮೈಸೂರಿನಲ್ಲಿ ಅಂಥ ಬಲ್ಬುಗಳು ಎಷ್ಟಿವೆ? ಅರಮನೆಯ ಮೈತುಂಬ ಸುಮಾರು ಒಂದು ಲಕ್ಷ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದ ನಾಡು ಇದು. ಭಾನುವಾರ, ಹಬ್ಬ, ದಸರೆಯ ಸಂಜೆಗಳಲ್ಲಿ ಅರಮನೆ ಒಮ್ಮೆಲೇ ಹೊತ್ತಿಕೊಂಡಾಗ ಜನರ ಗುಂಪಿನಿಂದ ಹೊರಡುವ ಉದ್ಗಾರವನ್ನು ಕೇಳಿದವರು ಮರೆಯುವುದಿಲ್ಲ. ದಸರೆಗೆ ಮುಂಚೆ ಕೆಟ್ಟ ಬಲ್ಬುಗಳನ್ನು ತೆಗೆದು ಹೊಸವನ್ನು ಹಾಕುತ್ತಾರೆ. ತೆಗೆದ ಆ ಬಲ್ಬುಗಳು ಕಸವಾಗಬಾರದು. ಬೀಟೆ ಕೆಲಸದಲ್ಲಿ ಉಳಿಯುವ ಚೂರುಗಳಿಂದ ಅಂಗೈಯಷ್ಟು ಪೀಠ ಮಾಡಿ, ಅದರ ಮೇಲೆ ಅರಮನೆಯ ಬಲ್ಬೊಂದನ್ನು ಕೂರಿಸಿ, ಯಾವ ವರ್ಷದ ದಸರೆಯಲ್ಲಿ ಉರಿದದ್ದು ಎಂದು ಕೊರೆದುಕೊಟ್ಟರೆ ಅದಕ್ಕಿಂತ ನಿಜವಾದ ಮೈಸೂರು ಕಾಣಿಕೆ ಯಾವುದಿದೆ?

ಇನ್ನು ಬೊಂಬೆಗಳು. ಕಲ್ಯಾಣಮಂಟಪದ 26 ಚಿತ್ರಗಳು, ಮನೆಮನೆಯಲ್ಲಿ ವರ್ಷಕ್ಕೊಂದು ಹೊಸ ಬೊಂಬೆ ಸೇರಿಸುವ ಪದ್ಧತಿ, ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಕೆಲಸದ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಮೊದಲ ವರ್ಷ ನಂದಿಧ್ವಜ, ಮರುವರ್ಷ ನಿಶಾನೆ ಆನೆ, ಆಮೇಲೆ ನೌಪತ್ ಆನೆ, ಪಟ್ಟದ ಕುದುರೆ, ಬ್ಯಾಂಡಿನವರು, ಕುಮ್ಕಿ ಆನೆಗಳು. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಏರಿಸುವ ಚನ್ನಪಟ್ಟಣದವರು ದೂರದಲ್ಲಿಲ್ಲ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ವಿದ್ಯಾರ್ಥಿಗಳು ಇದೇ ಊರಿನಲ್ಲಿದ್ದಾರೆ. ಮುಖ ಬರೆಯುವಾಗ ಅವರು ಗೋಡೆಯ ಮೇಲಿನ ಮುಖಗಳನ್ನು ನೋಡಿಯೇ ಬರೆಯಲಿ, ಪೇಟ ಸುತ್ತುವಾಗ ಅಲ್ಲಿನ ಸುತ್ತನ್ನೇ ಸುತ್ತಲಿ. ಮೊದಲ ಮಾದರಿಯನ್ನು ಮುಂದಿನ ದಸರೆಗೆ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದಲ್ಲಿ, ದೆಹಲಿ ಹಪ್ಪಳದ ಮಳಿಗೆಯ ಪಕ್ಕದಲ್ಲಿ ಒಂದು ಸಣ್ಣ ಮೇಜಿನ ಮೇಲಿಟ್ಟರೂ ಸಾಕು. ಮೈಸೂರಿನವರೇ ಮೊದಲು ಸಾಲು ನಿಲ್ಲುತ್ತಾರೆ.