ನಮ್ಮ ಜೋಳದ ತಳಿಭೇದ



ಸೊಲ್ಲಾಪುರ, ಅಕ್ಕಲಕೋಟಗಳ ಎರೆಭೂಮಿಯಲ್ಲಿ ಊಟವೆಂದರೆ ರೊಟ್ಟಿ, ರೊಟ್ಟಿಯೆಂದರೆ ಜೋಳ. ಆದರೆ ಜೋಳವೆಂಬುದು ಒಂದೇ ಅಲ್ಲ. ರೊಟ್ಟಿಗೊಂದು, ನಾಗರಪಂಚಮಿಯ ಅಳ್ಳಿಗೊಂದು, ಸೀತನಿಗೊಂದು ಎಂದು ನಮ್ಮ ಹಿರಿಯರು ಬೇರೆ ಬೇರೆ ಬೀಜಗಳನ್ನು ಕಾಪಾಡಿದರು. ಈ ಭೇದದ ಕಾರಣವನ್ನು ಇಂದು ವಿಚಾರಿಸೋಣ.

ಅಳ್ಳಿನ ಜೋಳದ ಕಾಳಿನಲ್ಲಿ ಗಟ್ಟಿ ಭಾಗ ಹೆಚ್ಚು. ಹುರಿದಾಗ ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿ ಕಾಣದೆ, ಕಾಳನ್ನು ಒಡೆದು ಅರಳಿಸುತ್ತದೆ. ಸೀತನಿಯ ಜೋಳದ ಹಸಿ ಕಾಳು ಮೃದು, ಸಿಹಿ. ತೆನೆಯನ್ನು ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿದರೆ ಸಿಪ್ಪೆ ಬಿಟ್ಟು ಉದುರುತ್ತದೆ. ಕೆಂಪು ಜೋಳಗಳಲ್ಲಿ ಕೆಲವು ಒಗರು. ಆ ಒಗರಿನ ದೆಸೆಯಿಂದಲೇ ಹಕ್ಕಿಗಳ ಕಾಟ ಅವಕ್ಕೆ ಕಡಿಮೆ. ಇಂಥ ಗುಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ಒಯ್ಯುವವು ವಂಶವಾಹಿಗಳು. ಜೋಳದ ಜೀವಕೋಶದಲ್ಲಿ 10 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿರುವ ಲಿಪಿಯನ್ನು ವಿಜ್ಞಾನಿಗಳು ಓದಿ 2009ರಲ್ಲಿ ಪ್ರಕಟಿಸಿದರು. ಎಲ್ಲ ಜೋಳಗಳಲ್ಲಿಯೂ ಲಿಪಿ ಬಹುಮಟ್ಟಿಗೆ ಒಂದೇ. ಅಲ್ಲಲ್ಲಿ ಅಕ್ಷರ ಬದಲಾದಲ್ಲಿ ಗುಣವೂ ಬದಲಾಗುವುದುಂಟು.

ಮಾಲದಂಡಿಯನ್ನು ಅರಿಯದವರು ನಮ್ಮಲ್ಲಿ ಯಾರು? ನಮ್ಮ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಈ ನಾಡಜೋಳದೊಳಗಿಂದ ಆರಿಸಿ ತೆಗೆದ ತಳಿಯೇ 'ಎಂ 35-1'. ಹಿಂಗಾರಿಯಲ್ಲಿ ಬಿತ್ತಿದರೆ, ಮಣ್ಣಿನಲ್ಲುಳಿದ ಹಸಿಯನ್ನೇ ನಂಬಿ ಬೆಳೆದು, ಮನುಷ್ಯರಿಗೆ ಮುತ್ತಿನಂಥ ಕಾಳನ್ನೂ ದನಗಳಿಗೆ ಒಳ್ಳೆಯ ಕಣಿಕೆಯನ್ನೂ ಕೊಡುತ್ತದೆ. ಎಂಬತ್ತು ವರ್ಷ ಮಿಕ್ಕಿದರೂ ರೈತರು ಅದರ ಕೈ ಬಿಟ್ಟಿಲ್ಲ. ಅದನ್ನು ಯಾರೂ ಹೊಸದಾಗಿ ಸೃಷ್ಟಿಸಲಿಲ್ಲ. ರೈತರು ಉಳಿಸಿಕೊಂಡು ಬಂದ ಜೋಳದಲ್ಲಿದ್ದ ಭೇದಗಳಿಂದ ಆರಿಸಿದರು, ಅಷ್ಟೆ. ಭೇದವೇ ಇಲ್ಲದಿದ್ದರೆ ಆರಿಸುವುದು ಏನನ್ನು?

ಅಮೇರಿಕೆಯಲ್ಲಿ ಬಿತ್ತುತ್ತಿದ್ದ ಗೋವಿನಜೋಳದ ಬಹುಪಾಲು ತಾಯಿಯ ಕಡೆಯಿಂದ ಒಂದೇ ಬಗೆಯದಾಗಿತ್ತು. 1970ರಲ್ಲಿ ಎಲೆಯ ರೋಗವೊಂದು ಹಬ್ಬಿ, ಸುಮಾರು ಶೇಕಡಾ 15ರಷ್ಟು ಬೆಳೆ ಹಾಳಾಯಿತು.

ನಮ್ಮಲ್ಲಿ ನೀರು ಬಂದಲ್ಲಿ ಕಬ್ಬು ಬಂದಿದೆ. ಅದನ್ನು ನಾವು ದೂರುವುದಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಬೀಜವು ಪುಸ್ತಕದಂತೆ ಕಪಾಟಿನಲ್ಲಿ ಕುಳಿತಿರದು. ಬಿತ್ತದೆ ಇಟ್ಟರೆ ಮನೆಯಲ್ಲಿ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೈದರಾಬಾದಿನ ಬಳಿ ಪಟಂಚೇರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು ಜಗತ್ತಿನ 35,000ಕ್ಕೂ ಮಿಕ್ಕ ಜೋಳದ ಮಾದರಿಗಳನ್ನು ಶೀತಗೃಹದಲ್ಲಿ ಕಾಯುತ್ತಿದೆ. ಅಲ್ಲಿಗೆ ಮುಟ್ಟದ ಬೀಜವೊಂದು ನಿಮ್ಮ ಅಜ್ಜಿಯ ಗಡಿಗೆಯಲ್ಲಿರಬಹುದು. ಇದ್ದರೆ, ಬರುವ ಹಿಂಗಾರಿಯಲ್ಲಿ ಹೊಲದ ಮೂಲೆಯಲ್ಲಿ ನಾಲ್ಕು ಸಾಲು ಬಿತ್ತಿರಿ. ಮನೆಯಲ್ಲಿ ಅದನ್ನು ಕರೆಯುವ ಹೆಸರು, ಊರು, ಬಿತ್ತಿದ ದಿನ ಇವನ್ನು ಚೀಟಿಯಲ್ಲಿ ಬರೆದು, ಒಂದು ತೆನೆಯೊಡನೆ ಶಾಲೆಗೆ ತಂದುಕೊಡಿರಿ.